ನಾಟಕ ಬರೆದಾಯಿತು, ಇನ್ನು ಯಾರ ಕೈಗೆ ಕೊಡುವುದು?

ಹೊಸದಾಗಿ ನಾಟಕ ಬರೆದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮುಗಿಸಿ ಇಟ್ಟಿದ್ದೇನೆ. ಸ್ಪರ್ಧೆಗೆ ಕಳಿಸಲಾ, ತಂಡಕ್ಕೆ ಕೊಡಲಾ, ಪುಸ್ತಕ ಮಾಡಿಸಲಾ?" ಕೇಳುವವರಲ್ಲಿ ಕಾಲೇಜು ಹುಡುಗಿಯರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಹದಿನೈದು ಹಾಡು ಕಟ್ಟಿ ಅದರ ಸುತ್ತ ಕಥೆ ಹೆಣೆದವರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿಯನ್ನು ಹೇಳಬಹುದು.

ನನ್ನ ಮೊದಲ ನಾಟಕವನ್ನು ನಾನು ಒಂದು ಸ್ಪರ್ಧೆಗೆ ಕಳಿಸಿದ್ದೆ. ಹದಿನಾಲ್ಕು ತಿಂಗಳು ಕಾದೆ. ಫಲಿತಾಂಶವೂ ಬರಲಿಲ್ಲ, ಹಸ್ತಪ್ರತಿಯೂ ವಾಪಸ್ ಬರಲಿಲ್ಲ. ಆಮೇಲೆ ಒಬ್ಬ ಗೆಳೆಯ ತನ್ನ ತಂಡದ ಏಳು ಜನರನ್ನು ಮನೆಯ ತಾರಸಿ ಮೇಲೆ ಕೂರಿಸಿ ಓದಿಸಿದ. ಮೂರನೇ ದೃಶ್ಯದ ಹೊತ್ತಿಗೆ ಕಾಫಿ ಬಂತು. ಓದು ನಿಂತಿತು. ಕಾಫಿ ಮುಗಿದರೂ ಯಾರೂ "ಮುಂದೆ ಏನಾಗುತ್ತೆ" ಅಂತ ಕೇಳಲಿಲ್ಲ. ಆ ದೃಶ್ಯದಲ್ಲಿ ಜೀವ ಇಲ್ಲ ಅಂತ ನನಗೆ ಆ ಒಂದು ಸಂಜೆಯಲ್ಲಿ ತಿಳಿಯಿತು. ಹದಿನಾಲ್ಕು ತಿಂಗಳ ಕಾಯುವಿಕೆ ಇದನ್ನು ಕಲಿಸಿರಲಿಲ್ಲ. ಅಂದಿನಿಂದ ಯಾರೇ ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಇದನ್ನೇ: ನಿಮ್ಮ ನಾಟಕ ಇದುವರೆಗೆ ಎಷ್ಟು ಜನರ ಬಾಯಲ್ಲಿ ಬಂದಿದೆ?

ಅಳೆಯುವುದು ಹೇಗೆ

ನಾಟಕ ಕೊಡುವ ಜಾಗವನ್ನು ಅಳೆಯಲು ನಾನು ಐದು ಸಂಗತಿ ನೋಡುತ್ತೇನೆ. ಒಂದು, ಕಳಿಸಿದ್ದನ್ನು ಯಾರಾದರೂ ನಿಜವಾಗಿ ಓದಿ ಏನಾದರೂ ಹೇಳುತ್ತಾರಾ. ಎರಡು, ರಂಗದ ಮೇಲೆ ಬರಲು ಎಷ್ಟು ಕಾಲ ಬೇಕು. ಮೂರು, ದುಡ್ಡು. ನಿಮಗೆ ಬರುತ್ತಾ, ನಿಮ್ಮ ಕೈಯಿಂದ ಹೋಗುತ್ತಾ. ನಾಲ್ಕು, ನಿಮ್ಮ ಮಾತುಗಳನ್ನು ಅವರು ಎಷ್ಟು ಬದಲಿಸುತ್ತಾರೆ. ಐದು, ಹಕ್ಕು ಯಾರ ಹತ್ತಿರ ಉಳಿಯುತ್ತದೆ. ಹಾಡಿನ ನಾಟಕವಾದರೆ ಇನ್ನೊಂದು ಸೇರಿಸಿಕೊಳ್ಳಿ: ರಾಗ ಹಾಕುವವರು ಯಾರು, ಅವರ ಖರ್ಚು ಯಾರದು.

ಈ ಐದೂ ಒಟ್ಟಿಗೆ ಸಿಗುವ ಜಾಗ ನಾನಂತೂ ಕಂಡಿಲ್ಲ. ನಿಮ್ಮ ನಾಟಕಕ್ಕೆ ಈಗ ಯಾವುದು ಕಡಿಮೆ ಬಿದ್ದಿದೆ ಅಂತ ನೋಡಿ ಬಾಗಿಲು ತಟ್ಟಬೇಕು.

ಹವ್ಯಾಸಿ ತಂಡ

ಬೆಂಗಳೂರು, ಮೈಸೂರು, ಧಾರವಾಡ, ಶಿವಮೊಗ್ಗ, ಉಡುಪಿ, ಎಲ್ಲಿ ನೋಡಿದರೂ ತಂಡಗಳಿವೆ. ಬಹುತೇಕ ತಂಡಗಳಿಗೆ ಹೊಸ ಕನ್ನಡ ನಾಟಕ ಬೇಕಾಗಿದೆ. ಆದರೆ ಅವರು ಅಂಚೆಯಲ್ಲಿ ಬಂದ ಕವರು ಒಡೆದು ಓದುವವರಲ್ಲ. ಪರಿಚಯದ ಮೇಲೆ ನಡೆಯುವ ಲೋಕ ಇದು. ಹಾಗಾಗಿ ಮೊದಲು ಅವರ ನಾಟಕ ನೋಡಲು ಹೋಗಿ. ಎರಡು ಮೂರು ಪ್ರಯೋಗ ನೋಡಿ. ಆ ತಂಡದಲ್ಲಿ ಎಷ್ಟು ಜನ ನಟರಿದ್ದಾರೆ, ಹೆಣ್ಣುಮಕ್ಕಳು ಎಷ್ಟು, ಹಾಡಬಲ್ಲವರು ಇದ್ದಾರಾ, ಇದೆಲ್ಲ ಕಣ್ಣಿಗೆ ಬೀಳುತ್ತದೆ. ನಾಲ್ಕು ನಟರ ತಂಡಕ್ಕೆ ಇಪ್ಪತ್ತು ಪಾತ್ರದ ನಾಟಕ ಕೊಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಅವರಿಗೆ ನಾಟಕ ಇಷ್ಟವಾದರೂ ಅಷ್ಟೇ.

ಲಾಭ ಏನೆಂದರೆ ನೀವು ತಾಲೀಮಿಗೆ ಹೋಗಿ ಕೂರಬಹುದು. ಇದಕ್ಕಿಂತ ದೊಡ್ಡ ಪಾಠಶಾಲೆ ನಾಟಕಕಾರನಿಗೆ ಇಲ್ಲ. ನಟ ಒಂದು ಸಾಲನ್ನು ಮೂರು ಸಂಜೆ ತಪ್ಪಾಗಿಯೇ ಹೇಳುತ್ತಿದ್ದರೆ ತಪ್ಪು ಸಾಲಿನಲ್ಲೇ ಇರಬಹುದು. ಕಷ್ಟ ಏನೆಂದರೆ ದುಡ್ಡು. ಸಭಾಂಗಣದ ಬಾಡಿಗೆ, ಬೆಳಕು, ರಂಗಸಜ್ಜಿಕೆ ಎಲ್ಲ ಕಳೆದ ಮೇಲೆ ತಂಡದ ಕೈಯಲ್ಲೇ ಏನೂ ಉಳಿಯುವುದಿಲ್ಲ. ನಾಟಕಕಾರನಿಗೆ ಒಂದು ಶಾಲು, ಬ್ರೋಷರಿನಲ್ಲಿ ಹೆಸರು. ಆದರೂ ಪ್ರತಿ ಪ್ರಯೋಗಕ್ಕೆ ಇಷ್ಟು ಅಂತ ಸಣ್ಣ ಗೌರವಧನ ಕೇಳಿ. ಐನೂರು ರೂಪಾಯಿ ಆದರೂ ಸರಿ. ಅದು ಒಂದು ಅಭ್ಯಾಸವಾಗಬೇಕು, ನಿಮ್ಮ ನಂತರ ಬರೆಯುವವರಿಗೂ ಒಳ್ಳೆಯದು.

ಪ್ರದರ್ಶನದ ಜಾಗದ ಬಗ್ಗೆ ಒಂದು ಮಾತು. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೆದದ್ದು. ಸೋಮವಾರ ಬಿಟ್ಟು ದಿನವೂ ನಾಟಕ ಇರಬೇಕು ಎಂಬುದು ಅಲ್ಲಿನ ಕ್ರಮ. ರವೀಂದ್ರ ಕಲಾಕ್ಷೇತ್ರ ಅದಕ್ಕಿಂತ ಹಳೆಯದು, ದೊಡ್ಡದು. ನಿಮ್ಮದು ಇಬ್ಬರು ಕೂತು ಮಾತಾಡುವ ನಾಟಕವಾದರೆ ದೊಡ್ಡ ಸಭಾಂಗಣ ಅದನ್ನು ನುಂಗಿಬಿಡುತ್ತದೆ. ತಂಡದವರ ಜೊತೆ ಇದನ್ನೂ ಮಾತಾಡಿ.

ತಂಡಗಳ ಮಟ್ಟದ ಸ್ಪರ್ಧೆಗಳೂ ಇವೆ. ಉಡುಪಿಯ ರಂಗಭೂಮಿ ಸಂಸ್ಥೆ ನಡೆಸುವ ರಾಜ್ಯಮಟ್ಟದ ಕನ್ನಡ ನಾಟಕ ಸ್ಪರ್ಧೆ ಇವುಗಳಲ್ಲಿ ಹೆಸರಾದದ್ದು. ಅಲ್ಲಿಗೆ ಹೋಗುವುದು ನಾಟಕದ ಪ್ರತಿಯಲ್ಲ, ಸಿದ್ಧವಾದ ಪ್ರಯೋಗ. ಅಂದರೆ ತಂಡ ಇದ್ದರೆ ಮಾತ್ರ ನಿಮಗೂ ದಾರಿ.

ರೆಪರ್ಟರಿಗಳು

ರೆಪರ್ಟರಿ ಅಂದರೆ ಸಂಬಳದ ನಟರಿರುವ ತಂಡ. ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟ ಮಾಡುತ್ತಿದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ ಶಿವಸಂಚಾರ ಎಂಬ ತಂಡ ಹೊರಡುತ್ತದೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣ ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ಬಂದಿದೆ. ಇಲ್ಲಿ ನಟರು ಸಂಬಳಕ್ಕೆ ದಿನವಿಡೀ ಕೆಲಸ ಮಾಡುತ್ತಾರೆ. ನಾಟಕ ಒಂದು ಸಲ ಹೊರಟರೆ ಊರೂರು ತಿರುಗುತ್ತದೆ. ಹವ್ಯಾಸಿ ತಂಡದಲ್ಲಿ ಐದು ಪ್ರಯೋಗ ಕಾಣುವ ನಾಟಕ ಇಲ್ಲಿ ಹತ್ತಾರು ಕಾಣುತ್ತದೆ.

ಆದರೆ ಹೊಸಬರಿಗೆ ಈ ಬಾಗಿಲು ಕಿರಿದು. ವರ್ಷಕ್ಕೆ ಎರಡೋ ಮೂರೋ ನಾಟಕ. ಅದರಲ್ಲಿ ಅನುವಾದ, ಹಳೆಯ ಕೃತಿ, ಕಾದಂಬರಿಯ ರಂಗರೂಪಗಳಿಗೂ ಪಾಲು ಹೋಗಬೇಕು. ಆಯ್ಕೆ ನಡೆಯುವುದು ಸಾಮಾನ್ಯವಾಗಿ ನಿರ್ದೇಶಕರ ಮೂಲಕ. ಸಂಸ್ಥೆಗೆ ಅರ್ಜಿ ಹಾಕುವುದಕ್ಕಿಂತ ಅಲ್ಲಿ ಆಗಾಗ ನಾಟಕ ಮಾಡಿಸುವ ನಿರ್ದೇಶಕರಿಗೆ ನಿಮ್ಮ ನಾಟಕದ ಒಂದು ಪ್ರಯೋಗ ತೋರಿಸುವುದೇ ಮೇಲು. ಅಂದರೆ ಇದು ಎರಡನೆಯ ಮೆಟ್ಟಿಲು. ಮೊದಲ ನಾಟಕವನ್ನೇ ಇಲ್ಲಿಗೆ ಕಳಿಸಿ ಸುಮ್ನೆ ಕಾಯುತ್ತಾ ಕೂರಬೇಡಿ.

ಹಳ್ಳಿಯ ನಾಟಕ, ಕಂಪನಿ ನಾಟಕ

ನಗರದಲ್ಲಿ ಬೆಳೆದ ಬರಹಗಾರರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬೇಸರದ ವಿಷಯ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಗದಗ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಊರ ಹುಡುಗರೇ ಸೇರಿ ಸಾಮಾಜಿಕ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಇದಕ್ಕೆಂದೇ ಅಚ್ಚಾದ ನಾಟಕದ ಪುಸ್ತಕಗಳು ಮಾರಾಟವಾಗುತ್ತವೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೂ ಜನ ಕದಲುವುದಿಲ್ಲ. ನಗರದ ಎಷ್ಟು ಸಭಾಂಗಣ ಸೇರಿಸಿದರೆ ಆ ಜನ ಆಗುತ್ತಾರೆ?

ಅಲ್ಲಿಗೆ ಬರೆಯಲು ಅಲ್ಲಿನ ಮಾತು ಬರಬೇಕು. ಹಾಸ್ಯದ ಜೋಡಿ ಬೇಕು. ಹದಿನೈದು ನಿಮಿಷಕ್ಕೊಂದು ಹಾಡು ಬೇಕು. ನಿಮ್ಮ ಸೂಕ್ಷ್ಮ ಮೌನಗಳನ್ನು ಮೈಕಿನ ಮುಂದೆ ನಿಂತ ನಟ ಕಾಪಾಡಲಾರ. ಪುಸ್ತಕ ಕೊಂಡವರು ತಮಗೆ ಬೇಕಾದಂತೆ ಕತ್ತರಿಸಿ ಆಡುತ್ತಾರೆ. ಇದನ್ನು ಒಪ್ಪುವ ಮನಸ್ಸಿದ್ದರೆ ನಿಮಗೆ ಸಿಗುವ ನೋಡುಗರ ಸಂಖ್ಯೆ ಬೇರೆಲ್ಲೂ ಸಿಗದು.

ಹಳೆ ಮೈಸೂರು ಕಡೆಯ ಲೆಕ್ಕ ಬೇರೆ. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಪೌರಾಣಿಕದ್ದೇ ಜೋರು. ಕುರುಕ್ಷೇತ್ರ ಆಡಲು ಊರಿನವರು ಪಾತ್ರಕ್ಕೆ ಇಷ್ಟು ಅಂತ ತಾವೇ ದುಡ್ಡು ಹಾಕುತ್ತಾರೆ. ಪ್ರತಿ ಪಾತ್ರದ ಕಂದ ಪದ್ಯ, ಮಟ್ಟು (ಹಾಡಿನ ಧಾಟಿ) ಎಲ್ಲ ಜನರಿಗೆ ಬಾಯಿಪಾಠ. ಹೊಸ ನಾಟಕಕ್ಕೆ ಅಲ್ಲಿ ಜಾಗ ಕಡಿಮೆ.

ಇನ್ನು ವೃತ್ತಿ ಕಂಪನಿಗಳು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಮೇಲೆ ನೂರು ವರ್ಷ ಕನ್ನಡದ ನಾಟಕಕಾರನಿಗೆ ಅನ್ನ ಹಾಕಿದ್ದು ಕಂಪನಿಗಳೇ. ಈಗ ಸಂಖ್ಯೆ ಕಡಿಮೆಯಾಗಿದೆ. ಆದರೂ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಸಾಲಾಗಿ ಕಂಪನಿಗಳು ಕ್ಯಾಂಪ್ ಹಾಕಿರುತ್ತವೆ. ಮಾಲೀಕರನ್ನು ಅಲ್ಲೇ ಭೇಟಿ ಮಾಡಬಹುದು. ಅವರು ಕೇಳುವುದು ಒಂದೇ: ಜನ ನಗುತ್ತಾರಾ, ಅಳುತ್ತಾರಾ. ಒಪ್ಪಿದರೆ ದುಡ್ಡು ಕೈಗೆ ಬರುತ್ತದೆ. ಆದರೆ ನಾಟಕದ ಹಕ್ಕನ್ನೇ ಪೂರ್ತಿ ಬರೆದುಕೊಡಿ ಅನ್ನುವ ಮಾತು ಬರಬಹುದು. ಸಹಿ ಹಾಕುವ ಮುಂಚೆ ಕೆಳಗೆ ಹಕ್ಕಿನ ಬಗ್ಗೆ ಬರೆದದ್ದನ್ನು ಓದಿ.

ಹಾಡಿನ ನಾಟಕ ಬರೆದವರಿಗೆ

ಕನ್ನಡದಲ್ಲಿ ಹಾಡಿಲ್ಲದ ನಾಟಕವೇ ಹೊಸದು, ಹಾಡಿನ ನಾಟಕ ಹಳೆಯದು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' 1972ರಲ್ಲಿ ಬಂದಾಗ ಬಯಲಾಟದ ಹಾಡು ನಗರದ ರಂಗಕ್ಕೆ ಬಂತು. ಹಾಗಾಗಿ ನಿಮ್ಮ ಹಾಡುಗಳನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಪ್ರಶ್ನೆ ಇರುವುದು ಖರ್ಚಿನಲ್ಲಿ. ರಾಗ ಹಾಕಬೇಕು, ಹಾಡುವ ನಟರು ಬೇಕು, ಹಾರ್ಮೋನಿಯಂ, ತಬಲಾ, ತಾಳದವರು ಪ್ರತಿ ಪ್ರಯೋಗಕ್ಕೂ ಬರಬೇಕು. ಧ್ವನಿಮುದ್ರಣ ಮಾಡಿಟ್ಟುಕೊಂಡರೆ ಖರ್ಚು ಉಳಿಯುತ್ತದೆ, ಆದರೆ ನಟನ ಉಸಿರಿಗೂ ಹಾಡಿಗೂ ಇರುವ ನಂಟು ಕಡಿದುಹೋಗುತ್ತದೆ. ಸಾಧ್ಯವಿದ್ದರೆ ಒಂದೇ ಹಾರ್ಮೋನಿಯಂ ಇರಲಿ, ಆದರೆ ಕಣ್ಣೆದುರು ಇರಲಿ.

ಕಳಿಸುವಾಗ ಬರೀ ಸಾಹಿತ್ಯ ಕಳಿಸಬೇಡಿ. ಮೊಬೈಲಿನಲ್ಲಿ ಎರಡು ಹಾಡು ಗುನುಗಿ ಜೊತೆಗೆ ಕೊಡಿ. ನಿಮ್ಮ ಮನಸ್ಸಿನ ಮಟ್ಟು ನಿರ್ದೇಶಕರಿಗೆ ಗೊತ್ತಾಗಲಿ. ಆಮೇಲೆ ಅವರು ಬೇರೆ ಹಾಕಿಸಿದರೂ ಪರವಾಗಿಲ್ಲ.

ಹಾಡು ಬರೆಯುವವರಿಗೆ ನಿಜವಾಗಿ ದೊಡ್ಡ ಬಾಗಿಲು ಎರಡಿವೆ. ಮೊದಲನೆಯದು ಮಕ್ಕಳ ರಂಗಭೂಮಿ. ಬೇಸಿಗೆ ಶಿಬಿರ ಇಲ್ಲದ ಊರಿಲ್ಲ. ಪ್ರತಿ ಶಿಬಿರದ ಕೊನೆಗೆ ಒಂದು ನಾಟಕ ಆಗಲೇಬೇಕು. ಮೂವತ್ತು ನಲವತ್ತು ಮಕ್ಕಳಿಗೆ ಪಾತ್ರ ಬೇಕು, ಯಾವ ಮಗುವೂ ಮೂಲೆಯಲ್ಲಿ ಮರವಾಗಿ ನಿಲ್ಲಬಾರದು. ಹೀಗೆ ಬರೆಯಬಲ್ಲವರು ಬಹಳ ಕಡಿಮೆ. ಗುಂಪಿನ ಹಾಡು, ಸಣ್ಣ ಸಣ್ಣ ಮಾತು, ಮುಕ್ಕಾಲು ಗಂಟೆ. ಶಿಬಿರದ ಮೇಷ್ಟ್ರುಗಳು ಇಂಥದ್ದನ್ನು ಹುಡುಕುತ್ತಲೇ ಇರುತ್ತಾರೆ. ಒಂದು ಕಡೆ ಚೆನ್ನಾಗಿ ಆಯಿತೆಂದರೆ ಮರುವರ್ಷ ನಾಲ್ಕು ಕಡೆ ಆಗುತ್ತದೆ. ಬೇಗ ರಂಗದ ಮೇಲೆ ನೋಡಬೇಕು ಅನ್ನುವವರಿಗೆ ನಾನು ಕೊಡುವ ಮೊದಲ ಸಲಹೆ ಇದೇ.

ಎರಡನೆಯದು ಯಕ್ಷಗಾನ. ಕರಾವಳಿಯವರಾದರೆ, ಛಂದಸ್ಸು ಕೈಯಲ್ಲಿದ್ದರೆ, ಪ್ರಸಂಗ, ಅಂದರೆ ಯಕ್ಷಗಾನ ಆಡುವ ಪದ್ಯಕಥೆ, ಬರೆಯಿರಿ. ಇಲ್ಲಿ ನೀವು ಮಾತು ಬರೆಯುವುದಿಲ್ಲ. ಪದ್ಯ ಮಾತ್ರ. ಭಾಮಿನಿ, ವಾರ್ಧಕ, ಕಂದ, ರಾಗ ತಾಳ ಗುರುತಿಸಿದ ಪದಗಳು. ಅರ್ಥ ಹೇಳುವುದು, ಅಂದರೆ ಪದ್ಯಕ್ಕೆ ತಕ್ಕ ಮಾತಾಡುವುದು, ಕಲಾವಿದರಿಗೆ ಬಿಟ್ಟದ್ದು. ಭಕ್ತರು ಹರಕೆ ಹೊತ್ತು ಬಯಲಾಟ ಆಡಿಸುವ ಮೇಳಗಳಲ್ಲಿ (ಮೇಳ ಅಂದರೆ ಯಕ್ಷಗಾನದ ತಂಡ) ಆಡಿಸುವವರು ಕೇಳುವುದು ಹೆಚ್ಚಾಗಿ ಪುರಾಣದ ಪ್ರಸಂಗವನ್ನೇ, ಹೊಸಬರಿಗೆ ಅವಕಾಶ ಕಡಿಮೆ. ಸಾಲಿಗ್ರಾಮ, ಪೆರ್ಡೂರಿನಂಥ, ಡೇರೆ ಹಾಕಿ ಟಿಕೆಟ್ಟಿಗೆ ಆಡುವ ಡೇರೆ ಮೇಳಗಳು ಹೊಸ ಪ್ರಸಂಗಕ್ಕೆ ಹೆಸರಾದವು. ಭಾಗವತರಿಗೆ, ಅಂದರೆ ಯಕ್ಷಗಾನದಲ್ಲಿ ಹಾಡುವವರಿಗೆ, ಪದ್ಯ ಹಿಡಿಸಬೇಕು, ಅವರ ಬಾಯಲ್ಲಿ ಪದ ಕೂರಬೇಕು. ಮೊದಲು ನಿಮ್ಮೂರಿನ ಹವ್ಯಾಸಿ ಸಂಘದ ಭಾಗವತರಿಂದ ಹಾಡಿಸಿ ನೋಡಿ. ನಾಲ್ಕು ಪದ್ಯ ಹಾಡುವಷ್ಟರಲ್ಲಿ ಎಲ್ಲಿ ಎಡವುತ್ತದೆ ಅಂತ ಅವರೇ ಹೇಳುತ್ತಾರೆ.

ಆಕಾಶವಾಣಿ

ಸಣ್ಣ ಬಜೆಟ್ಟಿನವರಿಗೆ ಇದಕ್ಕಿಂತ ಹಗುರದ ದಾರಿ ಇಲ್ಲ. ನಿಮ್ಮ ಕೈಯಿಂದ ಒಂದು ರೂಪಾಯಿ ಹೋಗುವುದಿಲ್ಲ. ಸಂಭಾವನೆ ದೊಡ್ಡದಲ್ಲ, ಆದರೆ ಕರಾರು ಬರೆದು ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ನಿಲಯದ ನಾಟಕ ವಿಭಾಗಕ್ಕೆ ಕೊಡಬೇಕು. ಅರ್ಧ ಗಂಟೆಯ ನಾಟಕಕ್ಕೆ ಐದಾರು ಪಾತ್ರ ಸಾಕು, ದನಿಗಳು ಒಂದಕ್ಕೊಂದು ಬೇರೆಯಾಗಿ ಕೇಳಬೇಕು. ರಂಗಕ್ಕೆ ಬರೆದದ್ದನ್ನೇ ಕಳಿಸಿದರೆ ನಡೆಯುವುದಿಲ್ಲ. "ಅವನು ಚಾಕು ತೆಗೆಯುತ್ತಾನೆ" ಅನ್ನುವುದು ಕಿವಿಗೆ ಕಾಣುವುದಿಲ್ಲ, ಅಲ್ವಾ? ಅದನ್ನು ಶಬ್ದಕ್ಕೋ ಮಾತಿಗೋ ತಿರುಗಿಸಬೇಕು. ಹಳ್ಳಿಯಲ್ಲಿದ್ದು ತಂಡದ ಒಡನಾಟ ಇಲ್ಲದವರು, ಮನೆ ಬಿಟ್ಟು ತಾಲೀಮಿಗೆ ಹೋಗಲು ಆಗದ ಹೆಣ್ಣುಮಕ್ಕಳು ಇದನ್ನು ಮೊದಲು ನೋಡಬೇಕು ಅಂತ ನನಗೆ ಅನ್ನಿಸುತ್ತದೆ.

ಪುಸ್ತಕ ಮತ್ತು ಪ್ರಶಸ್ತಿ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಒಂದರ ಬಾಲ ಇನ್ನೊಂದು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಲ್ಲಿ ನಾಟಕಕ್ಕೂ ಒಂದು ಪ್ರಕಾರ ಇದೆ. ಅದಕ್ಕೆ ಅಚ್ಚಾದ ಪುಸ್ತಕ ಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಮೂವತ್ತೈದರ ಒಳಗಿನವರಿಗೆ, ಮೊತ್ತ 50,000 ರೂಪಾಯಿ. ಅದೂ ಪುಸ್ತಕಕ್ಕೇ. ಟೋಟೋ ಸಂಸ್ಥೆ ಕೊಡುವ ಕನ್ನಡ ಸೃಜನಶೀಲ ಬರವಣಿಗೆಯ ಪ್ರಶಸ್ತಿ ಇನ್ನೂ ಚಿಕ್ಕ ವಯಸ್ಸಿನವರಿಗೆ. ಮಹೀಂದ್ರಾದವರ ಮೆಟಾ ಎಂಬ ನಾಟಕ ಪ್ರಶಸ್ತಿ ಉತ್ಸವಕ್ಕೆ ಎಲ್ಲ ಭಾರತೀಯ ಭಾಷೆಗಳ ನಾಟಕ ಹೋಗಬಹುದು. ಆಯ್ಕೆಯಾದ ಹತ್ತು ನಾಟಕ ದೆಹಲಿಯಲ್ಲಿ ಪ್ರದರ್ಶನವಾಗುತ್ತವೆ. ಹೊಸದಾಗಿ ಬರೆದ ನಾಟಕಕೃತಿಗೇ ಪ್ರತ್ಯೇಕ ಪ್ರಶಸ್ತಿ ಇದೆ. ಆದರೆ ಅಲ್ಲಿಗೂ ಹೋಗುವುದು ಸಿದ್ಧವಾದ ಪ್ರಯೋಗವೇ.

ನೋಡಿ, ಹಸ್ತಪ್ರತಿಯನ್ನಷ್ಟೇ ಕೇಳುವ ಜಾಗ ಎಷ್ಟು ಕಡಿಮೆ. ಕೆಲವು ಸಂಘ ಸಂಸ್ಥೆಗಳು ನಾಟಕ ರಚನಾ ಸ್ಪರ್ಧೆ ಅಂತ ಆಗಾಗ ಕರೆಯುತ್ತವೆ. ಕಳಿಸಿ, ತಪ್ಪಿಲ್ಲ. ಆದರೆ ಮೂರು ಸಂಗತಿ ನೋಡಿಕೊಳ್ಳಿ. ಪ್ರವೇಶ ಶುಲ್ಕ ಕೇಳುತ್ತಾರಾ? ಫಲಿತಾಂಶದ ದಿನಾಂಕ ಬರೆದಿದ್ದಾರಾ? ಬಹುಮಾನ ಬಂದರೂ ಬರದಿದ್ದರೂ ಹಕ್ಕು ತಮ್ಮದು ಅನ್ನುವ ಸಾಲು ನಿಯಮದಲ್ಲಿ ಎಲ್ಲಾದರೂ ಅಡಗಿದೆಯಾ? ಮೂರನೆಯದು ಇದ್ದರೆ ನಾನಂತೂ ಕಳಿಸುವುದಿಲ್ಲ.

ಪುಸ್ತಕ ಮೊದಲು ಬಂದು ನಾಟಕ ಬೆಳೆದ ಉದಾಹರಣೆ ನಮ್ಮಲ್ಲೇ ಇದೆ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಪ್ರಕಟಿಸಿದಾಗ ಅವರಿಗೆ ಇಪ್ಪತ್ಮೂರು ವಯಸ್ಸು. ಆದರೆ ಅಂಥ ಸಂಪಾದಕರು ಸಿಗಬೇಕು. ನಾಟಕದ ಪುಸ್ತಕ ಕತೆ ಕಾದಂಬರಿಯಷ್ಟು ಮಾರಾಟವಾಗುವುದಿಲ್ಲ, ಹಾಗಾಗಿ ಎಷ್ಟೋ ಪ್ರಕಾಶಕರು ಹಿಂದೆ ಸರಿಯುತ್ತಾರೆ. ಸ್ವಂತ ಖರ್ಚಿನಲ್ಲಿ ಮಾಡುವುದಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಮೊದಲಿಗೆ ನೂರು ಪ್ರತಿ ಮಾಡಿಸಿ, ಸಾವಿರ ಬೇಡ. ಮತ್ತು ದಯವಿಟ್ಟು ಒಂದು ಪ್ರಯೋಗವಾದರೂ ಆದ ಮೇಲೆ ಮಾಡಿಸಿ. ಅಚ್ಚಾದ ಮೇಲೆ ಮೂರನೇ ದೃಶ್ಯ ಸರಿಯಿಲ್ಲ ಅಂತ ಗೊತ್ತಾದರೆ ಬಹಳ ನೋವಾಗುತ್ತದೆ.

ಹಕ್ಕಿನ ಮಾತು

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಮನಸ್ಸಿಗೆ ಸಮಾಧಾನ ಬೇಕೆಂದರೆ 500 ರೂಪಾಯಿ ಶುಲ್ಕದಲ್ಲಿ ಮಾಡಿಸಬಹುದು. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. "ಶಾಶ್ವತವಾಗಿ" ಎಂದು ಬರೆದಿದ್ದರೆ ಕಥೆ ಬೇರೆ. ಅದನ್ನು ಹೊಡೆದುಹಾಕಿ "ಎರಡು ವರ್ಷ" ಎಂದು ಬರೆಸಿ.

ಹಾಡಿನ ಸಾಹಿತ್ಯದ ಹಕ್ಕು ನಿಮ್ಮದಾದರೂ ರಾಗ ಹಾಕಿದವರ ಹಕ್ಕು ಅವರದು. ಒಂದು ತಂಡದಲ್ಲಿ ಹಾಕಿಸಿದ ರಾಗಗಳನ್ನು ಇನ್ನೊಂದು ತಂಡಕ್ಕೆ ಕೊಡುವಾಗ ಅವರನ್ನು ಕೇಳಬೇಕು. ಮೊದಲೇ ಒಂದು ಪುಟದ ಒಪ್ಪಂದ ಮಾಡಿಕೊಂಡರೆ ಸ್ನೇಹ ಉಳಿಯುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ ಕಾಯಿದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೂ ಹಾಗೇ. ಹಳ್ಳಿಯ ಉಚಿತ ಪ್ರಯೋಗಕ್ಕೆ ಹಟ ಹಿಡಿದು ದುಡ್ಡು ಕೇಳಲು ಬರುವುದಿಲ್ಲ. ಹೆಸರು ಹಾಕಿ ಅಂತ ಖಂಡಿತ ಕೇಳಿ. ನಿಮ್ಮ ನಾಟಕ ಬೇರೆಯವರ ಕಥೆಯಿಂದ ಬಂದಿದ್ದರೆ ಲೇಖಕರು ತೀರಿಕೊಂಡು ಅರವತ್ತು ವರ್ಷ ಆಗುವವರೆಗೂ ಅನುಮತಿ ಬೇಕು. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕಥೆಯ ರಂಗರೂಪಕ್ಕೆ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸಬೇಡಿ.

ಹಾಗಾದರೆ ಯಾರಿಗೆ ಯಾವುದು?

ಮೊದಲ ನಾಟಕ, ಕೈಯಲ್ಲಿ ದುಡ್ಡಿಲ್ಲ, ಊರಿನಲ್ಲಿ ತಂಡ ಇದೆ: ತಂಡಕ್ಕೆ ಕೊಡಿ. ತಂಡವೇ ಇಲ್ಲ: ಆಕಾಶವಾಣಿ. ಕಾಲೇಜಿನಲ್ಲಿದ್ದೀರಿ: ಯುವಜನೋತ್ಸವಕ್ಕೆ ಏಕಾಂಕ ಬರೆಯಿರಿ. ಅರ್ಧ ಗಂಟೆಯ ಮಿತಿ ಇರುವುದರಿಂದ ಬರವಣಿಗೆ ಬಿಗಿಯಾಗುತ್ತದೆ, ನಟರು ಪಕ್ಕದ ಬೆಂಚಿನಲ್ಲೇ ಸಿಗುತ್ತಾರೆ. ಬರವಣಿಗೆಯಿಂದ ಸ್ವಲ್ಪವಾದರೂ ಸಂಪಾದನೆ ಬೇಕು, ಉತ್ತರ ಕರ್ನಾಟಕದ ಮಾತು ನಾಲಿಗೆ ಮೇಲಿದೆ: ಹಳ್ಳಿ ಮತ್ತು ಕಂಪನಿ ನಾಟಕ. ಮೂವತ್ತೈದರೊಳಗಿದ್ದೀರಿ, ನಾಟಕ ಆಗಲೇ ಮೂರು ನಾಲ್ಕು ಪ್ರಯೋಗ ಕಂಡಿದೆ: ಈಗ ಪುಸ್ತಕ, ಆಮೇಲೆ ಪ್ರಶಸ್ತಿ. ಒಂದೇ ನಾಟಕವನ್ನು ಎರಡು ತಂಡಗಳಿಗೆ ಒಟ್ಟಿಗೆ ಕೊಡಬಹುದಾ ಅಂತ ಕೇಳುತ್ತಾರೆ. ಕೊಡಬಹುದು, ಆದರೆ ಇಬ್ಬರಿಗೂ ಹೇಳಿಯೇ ಕೊಡಿ.

ಕಳಿಸುವ ಕಟ್ಟಿನಲ್ಲಿ ಒಂದು ಪುಟದ ಕಥಾಸಾರ, ಪಾತ್ರಗಳ ಪಟ್ಟಿ, ಆಡಲು ಬೇಕಾದ ಹೊತ್ತು, ಹಾಡುಗಳ ಸಂಖ್ಯೆ, ಆಮೇಲೆ ನಾಟಕ. ಯೂನಿಕೋಡಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ, ಅಕ್ಷರ ಒಡೆಯುವುದಿಲ್ಲ. ಪುಟ ಸಂಖ್ಯೆ ಹಾಕಿ. ಒಂದು ಪ್ರತಿ ಮನೆಯಲ್ಲಿ ಇರಲೇಬೇಕು.

ಹೊತ್ತು ನೋಡಿಕೊಂಡು ಕೊಡಿ. ಬೇಸಿಗೆ ಶಿಬಿರದವರಿಗೆ ಜನವರಿಯೊಳಗೆ ತಲುಪಿದರೆ ಅವರಿಗೆ ಓದಲು ಬಿಡುವಿರುತ್ತದೆ. ಡೇರೆ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಭಾಗವತರು ಮನೆಯಲ್ಲಿ ಸಿಗುತ್ತಾರೆ. ಹವ್ಯಾಸಿ ತಂಡಗಳಿಗೆ ಒಂದು ನಾಟಕ ಮುಗಿದು ಇನ್ನೊಂದು ಶುರುವಾಗದ ವಾರಗಳಲ್ಲಿ ಕೊಡಿ. ಕೊಟ್ಟು ಬರುವಾಗಲೇ "ಒಂದು ಭಾನುವಾರ ಸಂಜೆ ಎಲ್ಲರೂ ಕೂತು ಓದೋಣವಾ, ಕಾಫಿ ನಾನು ತರುತ್ತೇನೆ" ಅಂತ ಕೇಳಿ.